ಇಳಿಮುಖದ ಆರೋಪ ಹೊತ್ತ ಪ್ರತಿಕಾಯದ ಹೇಳಿಕೆ

ದೇಹವು ಲಸಿಕೆಯಿಂದಲೋ ಸೋಂಕಿನಿಂದಲೋ ಪರಿಚಯ ಮಾಡಿಕೊಂಡ ರೋಗಾಣುವಿನ ಒಂದು ನಿರ್ದಿಷ್ಟ ಭಾಗಕ್ಕೆ ಅಂಟಿಕೊಂಡು, ಅದರ ಕೆಲಸ ಕೆಡಿಸುವ ಪ್ರೋಟೀನಿಗೆ ಪ್ರತಿಕಾಯವೆಂದು ಹೆಸರು. 2021ರ ಜನವರಿ 16ರಂದು ಭಾರತದಲ್ಲಿ ಕೋವಿಡ್ ಲಸಿಕಾ ಅಭಿಯಾನ ಆರಂಭವಾದಾಗ ಮೊದಲ ಸರದಿ ಆರೋಗ್ಯ ಕಾರ್ಯಕರ್ತರದಾಗಿತ್ತು. ಆದ್ದರಿಂದ ಪ್ರತಿಕಾಯದ ಮಟ್ಟ ಇಳಿಯಿತೆಂಬ ಆತಂಕವೂ ಆಸ್ಪತ್ರೆಗಳನ್ನೇ ಮೊದಲು ಹೊಕ್ಕಿತು. ಈ ಬಗ್ಗೆ ರಕ್ತದಲ್ಲಿ ಅತಿ ಹೆಚ್ಚಾಗಿರುವ ಐಜಿಜಿ ವರ್ಗದ ಪ್ರತಿಕಾಯದಿಂದ ಹೇಳಿಕೆ ಪಡೆಯಲಾಯಿತು. ಕೋಟಿಗಟ್ಟಲೆಯಾಗಿಯೇ ಓಡಾಡುವ ಅಣುವಿಗೆ ಉತ್ತಮ ಪುರುಷ ಏಕವಚನ ಒಪ್ಪುವುದಿಲ್ಲವೆಂದು ಅದು ಷರತ್ತು ಹಾಕಿದ್ದರಿಂದ, ಉತ್ತರಗಳೆಲ್ಲ ಪ್ರಥಮ ಪುರುಷದಲ್ಲಿವೆ.

ಪ್ರಶ್ನೆ: ಎರಡನೆಯ ಡೋಸಿನ ನಂತರ ಏರಿದ ಮಟ್ಟ ಕೆಲವೇ ತಿಂಗಳಲ್ಲಿ ಇಳಿದಿದೆ. ಇದನ್ನು ಕರ್ತವ್ಯಲೋಪವೆಂದು ಪರಿಗಣಿಸಬಹುದೇ?

ಉತ್ತರ: ಐಜಿಜಿಯ ಅರ್ಧಾಯು, ಅಂದರೆ ರಕ್ತದಲ್ಲಿನ ಅದರ ಮೊತ್ತ ಅರ್ಧಕ್ಕೆ ಇಳಿಯಲು ಬೇಕಾಗುವ ಅವಧಿ, ಸುಮಾರು ಮೂರು ವಾರ. ಲಸಿಕೆ ಬಿದ್ದ ಹೊಸದರಲ್ಲಿ ಪ್ರತಿಕಾಯಗಳನ್ನು ಭರದಿಂದ ತಯಾರಿಸುವ ಪ್ಲಾಸ್ಮಾ ಕೋಶಗಳಲ್ಲಿ ಬಹುಪಾಲು ಅಲ್ಪಾಯುಷಿಗಳು. ಅವು ಸತ್ತ ಮೇಲೆ ಅಸ್ಥಿಮಜ್ಜೆಯಲ್ಲಿ ನೆಲೆಸುವ ಕೆಲವು ದೀರ್ಘಾಯುಷಿ ಕೋಶಗಳು ಮಾತ್ರ ಮಿತವಾಗಿ ಉತ್ಪಾದನೆ ಮುಂದುವರಿಸುತ್ತವೆ. ಹೀಗಾಗಿ ಮಟ್ಟವು ಮೊದಲು ಕಡಿದಾಗಿ ಇಳಿದು, ಆಮೇಲೆ ನಿಧಾನವಾಗುತ್ತದೆ. ಬಾಲ್ಯದಿಂದ ಪಡೆದ ಪ್ರತಿಯೊಂದು ಲಸಿಕೆಯ, ಬಂದುಹೋದ ಪ್ರತಿಯೊಂದು ನೆಗಡಿಯ ಪ್ರತಿಕಾಯವೂ ತುತ್ತತುದಿಯಲ್ಲೇ ಉಳಿದಿದ್ದರೆ, ರಕ್ತವು ಹರಿಯಲಾರದಷ್ಟು ಗಟ್ಟಿಯಾಗಿ, ದೂರು ಕೊಡಲು ದೂರುದಾರರೇ ಇರುತ್ತಿರಲಿಲ್ಲ.

ಪ್ರಶ್ನೆ: ಒಂದೇ ವಾರ್ಡಿನ ಇಬ್ಬರು ಶುಶ್ರೂಷಕಿಯರ ಪ್ರತಿಕಾಯ ಪರೀಕ್ಷೆಯ ವರದಿಗಳಲ್ಲಿ ಅಜಗಜಾಂತರವೇಕೆ?

ಉತ್ತರ: ಲಸಿಕೆಗೆ ಮೊದಲೇ ಸೋಂಕು ತಗುಲಿದ್ದವರಲ್ಲಿ ಮಟ್ಟ ಹೆಚ್ಚಾಗಿ ಏರುತ್ತದೆ, ವಯಸ್ಸಾದವರಲ್ಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸುವವರಲ್ಲಿ ಕಡಿಮೆ ಏರುತ್ತದೆ. ಪರೀಕ್ಷಾ ಕಿಟ್‌ನಿಂದ ಕಿಟ್‌ಗೆ ಅಳತೆಯೂ ಬೇರೆಯಾಗಿದ್ದು, ಅವನ್ನು ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆಯು 2020ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಮಾನಕವನ್ನು ಸ್ಥಾಪಿಸಬೇಕಾಯಿತು. ಇದಾವುದನ್ನೂ ಗಮನಿಸದೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ವರದಿಗಳನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳಂತೆ ಪಕ್ಕಪಕ್ಕ ಇಟ್ಟು ನೋಡಲಾಯಿತು. ಇನ್ನೂ ವಿಚಿತ್ರವೆಂದರೆ, ಕೋವಿಶೀಲ್ಡ್ ಲಸಿಕೆಯು ದೇಹಕ್ಕೆ ಪರಿಚಯಿಸುವುದು ವೈರಾಣುವಿನ ಹೊರಮೈಯ ಮುಳ್ಳನ್ನು, ಅಂದರೆ ಸ್ಪೈಕ್ ಪ್ರೋಟೀನನ್ನು ಮಾತ್ರ. ಕೆಲವು ಕಿಟ್‌ಗಳು ಹುಡುಕುವುದು ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು. ಬರೆಯದ ವಿಷಯದಲ್ಲಿ ಸೊನ್ನೆ ಬಂದುದಕ್ಕೆ ಪ್ರತಿಕಾಯವನ್ನು ಹೊಣೆ ಮಾಡಲಾಗದು.

ಪ್ರಶ್ನೆ: ಹಾಗಾದರೆ ಎಷ್ಟಿದ್ದರೆ ಸಾಕು?

ಉತ್ತರ: (ದೀರ್ಘ ಮೌನದ ನಂತರ) ಕೋವಿಡ್ ವಿಷಯದಲ್ಲಿ ಇಷ್ಟಿದ್ದರೆ ಸಾಕೆಂದು ಸರ್ವಸಮ್ಮತ ಗೆರೆಯನ್ನು ಯಾರೂ ಎಳೆದಿಲ್ಲ. ಹೆಪಟೈಟಿಸ್ ಬಿ ವಿರುದ್ಧದ ಪ್ರತಿಕಾಯಕ್ಕೆ ಆ ಭಾಗ್ಯವಿದೆ. ಸೂಜಿ ಚುಚ್ಚಿಕೊಳ್ಳುವ ಅಪಾಯವಿರುವ ಸಿಬ್ಬಂದಿಯಲ್ಲಿ ಕೊನೆಯ ಡೋಸಿನ ಒಂದೆರಡು ತಿಂಗಳ ಬಳಿಕ ಪರೀಕ್ಷಿಸಿದಾಗ, ಪ್ರತಿ ಮಿಲಿಲೀಟರಿಗೆ 10 ಮಿಲಿ ಅಂತರರಾಷ್ಟ್ರೀಯ ಘಟಕ ಇದ್ದರೆ ರಕ್ಷಣೆ ದೊರೆತಂತೆ. ಒಮ್ಮೆ ಆ ಗೆರೆ ಮುಟ್ಟಿದ ಆರೋಗ್ಯವಂತರಲ್ಲಿ ವರ್ಷಗಳ ನಂತರ ಮಟ್ಟವು 10ಕ್ಕಿಂತ ಕೆಳಗಿಳಿದರೂ ರಕ್ಷಣೆ ಸಾಮಾನ್ಯವಾಗಿ ಉಳಿಯುತ್ತದೆ. ಕಾರಣವಿಷ್ಟೆ: ರೋಗಾಣುವಿನ ಗುರುತನ್ನು ನೆನಪಿಟ್ಟುಕೊಂಡ ಸ್ಮರಣ ಕೋಶಗಳು ಎಚ್ಚೆತ್ತು ಹೊಸ ಪ್ರತಿಕಾಯ ಸಿದ್ಧಪಡಿಸಲು ಕೆಲವು ದಿನ ಹಿಡಿಯುತ್ತದೆ, ಆದರೆ ಹೆಪಟೈಟಿಸ್ ಬಿ ವೈರಾಣು ರೋಗಲಕ್ಷಣ ತೋರಿಸುವುದಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತದೆ. ಅಷ್ಟು ಸಾವಧಾನದ ಶತ್ರು ಎಲ್ಲರಿಗೂ ಸಿಗುವುದಿಲ್ಲ. ಕೋವಿಡ್ ವೈರಾಣುವಿನ ಒಮಿಕ್ರಾನ್ ರೂಪಾಂತರಿಗೆ ಸುಮಾರು ಮೂರು ದಿನ ಸಾಕಾಗುತ್ತಿತ್ತು. ಸಾಲದ್ದಕ್ಕೆ ಅದರ ಮುಳ್ಳಿನ ಆಕಾರವೂ ಬದಲಾಗಿತ್ತು. ಹೀಗಾಗಿ ಮಟ್ಟ ಇಳಿದಂತೆ ಸೋಂಕು ತಗುಲುವುದು ಹೆಚ್ಚಿತು. ಆದರೆ ಸ್ಮರಣ ಕೋಶಗಳೂ, ಸೋಂಕಿತ ಕೋಶಗಳನ್ನು ನಾಶಮಾಡುವ ಟಿ ಕೋಶಗಳೂ ತಡವಾಗಿಯಾದರೂ ಬಂದದ್ದರಿಂದ, ತೀವ್ರ ಕಾಯಿಲೆಯ ವಿರುದ್ಧದ ರಕ್ಷಣೆ ಅಷ್ಟು ಬೇಗ ಕುಂದಲಿಲ್ಲ. ಪ್ರಯೋಗಾಲಯದ ಸಾಮಾನ್ಯ ವರದಿಯಲ್ಲಿ ಈ ಕೋಶಗಳ ಹೆಸರೂ ಇರುವುದಿಲ್ಲ.

ಪ್ರಶ್ನೆ: ಸೋಂಕನ್ನು ಮೂಗಿನಲ್ಲಿಯೇ ತಡೆಯಬಹುದಿತ್ತಲ್ಲ?

ಉತ್ತರ: ಮೂಗಿನ ಲೋಳೆಪೊರೆಯನ್ನು ಮುಖ್ಯವಾಗಿ ಕಾಯುವುದು ಐಜಿಎ ಎಂಬ ಬೇರೆ ವರ್ಗ. ತೋಳಿಗೆ ಚುಚ್ಚಿದ ಲಸಿಕೆಯಿಂದ ಅದಕ್ಕೆ ತಲುಪುವ ಆದೇಶ ಅಷ್ಟಕ್ಕಷ್ಟೆ.

ಪ್ರಶ್ನೆ: ಸರ್ಕಾರದ ನಿರ್ಧಾರಗಳ ಬಗ್ಗೆ?

ಉತ್ತರ: ಕೋವಿಶೀಲ್ಡ್ ಡೋಸುಗಳ ನಡುವಿನ ಅಂತರ ಮೊದಲು ನಾಲ್ಕರಿಂದ ಆರು ವಾರವಿದ್ದು, 2021ರ ಮಾರ್ಚ್‌ನಲ್ಲಿ ಗರಿಷ್ಠ ಎಂಟು ವಾರಕ್ಕೂ, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರಕ್ಕೂ ಏರಿತು. ಈ ಲಸಿಕೆಯಲ್ಲಿ ಅಂತರ ಹೆಚ್ಚಿದರೆ ಪ್ರತಿಕಾಯ ಹೆಚ್ಚು ಸಿಗುವುದು ನಿಜ. ಆಗ ಲಸಿಕೆಯ ಅಭಾವವಿದ್ದುದೂ ನಿಜ. ವಿಜ್ಞಾನಕ್ಕೂ ದಾಸ್ತಾನಿಗೂ ಅಷ್ಟು ಒಮ್ಮತ ಮೂಡುವುದು ಅಪರೂಪ. 2022ರ ಜನವರಿ 10ರಿಂದ ಆರೋಗ್ಯ ಕಾರ್ಯಕರ್ತರಿಗೆ ಮೂರನೆಯ ಡೋಸನ್ನು ‘ಮುನ್ನೆಚ್ಚರಿಕೆ ಡೋಸ್’ ಎಂಬ ಹೆಸರಿನಲ್ಲಿ, ಎರಡನೆಯದಾದ ಒಂಬತ್ತು ತಿಂಗಳ ನಂತರ ನೀಡಲಾಯಿತು. ಜುಲೈನಲ್ಲಿ ಒಂಬತ್ತು ಆರಾಯಿತು. ಯಾವ ಹೆಸರಿನಿಂದ ಕರೆದರೂ ಮಟ್ಟ ಮತ್ತೆ ಏರಿತು, ಮತ್ತೆ ಇಳಿಯತೊಡಗಿತು.

ಪ್ರಶ್ನೆ: ಹಾಗಾದರೆ ಸಿಬ್ಬಂದಿ ಈ ಪರೀಕ್ಷೆ ಮಾಡಿಸಿಕೊಳ್ಳಬೇಕೇ, ಬೇಡವೇ?

ಉತ್ತರ: ಹೆಪಟೈಟಿಸ್ ಬಿ ಲಸಿಕೆಯ ನಂತರ ತಪ್ಪದೆ ಮಾಡಿಸಬೇಕು, ಆಸ್ಪತ್ರೆಗಳು ಹೆಚ್ಚಾಗಿ ಮರೆಯುವುದು ಅದನ್ನೇ. ಕೋವಿಡ್ ಲಸಿಕೆಯ ನಂತರ ರಕ್ಷಣೆಯನ್ನು ಅಳೆಯಲು ಈ ಪರೀಕ್ಷೆಯನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರ ಮೇ ತಿಂಗಳಲ್ಲೇ ಹೇಳಿತ್ತು. ವಾರ್ಡಿನ ಗಾಳಿಯಾಟವನ್ನಾಗಲಿ ಮಾಸ್ಕಿನ ದಾಸ್ತಾನನ್ನಾಗಲಿ ಅಳೆಯದ ಆಡಳಿತ ಮಂಡಳಿಗಳು ಪ್ರತಿಕಾಯದ ಅಂಕಿಯನ್ನೇ ಬಯಸಿದರೆ ಕೊಡುವುದಕ್ಕೆ ಅಡ್ಡಿಯಿಲ್ಲ. ವರದಿಯ ಮೇಲೆ ಮೊಹರು ಬೀಳುವಷ್ಟರಲ್ಲಿ ಅದು ಇನ್ನೂ ಸ್ವಲ್ಪ ಇಳಿದಿರುತ್ತದೆ.