ಶ್, ಮಗ ಮಲಗಿದ್ದಾನೆ!

ರಾತ್ರಿಯಿಡೀ ಎಚ್ಚರ ಇರುವುದೇನು ಮಹಾ! ನಾನು ಬಯಲಾಟ ನೋಡಿ ಬೆಳೆದವನು. ಚೌಕಿಪೂಜೆಯಿಂದ ಮಂಗಳದವರೆಗೆ ರೆಪ್ಪೆ ಮುಚ್ಚದೆ ಕೂತವನು ಎಂದು ಇಂಟರ್‌ವ್ಯೂನಲ್ಲೇ ಕೊಚ್ಚಿಕೊಂಡಿದ್ದೆ. ಮಹಿಷಾಸುರ ಬಂದಾಗ ಎಬ್ಬಿಸಿ ಎಂದು ಅಮ್ಮನಿಗೆ ಹೇಳಿ ಚಾಪೆಯಲ್ಲಿ ಉರುಳುತ್ತಿದ್ದ ಸಂಗತಿ ಅವರಿಗೆ ಯಾಕೆ? ಕೆಲಸ ಸಿಕ್ಕಿತು, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನೈಟ್ ಶಿಫ್ಟು.

ಎಪ್ಪತ್ತರ ದಶಕದಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಈ ಊರು ಕಟ್ಟಲು ಹೊರಟಾಗ, ಇಲ್ಲಿನ ರಾತ್ರಿ ಅಮೆರಿಕದ ಹಗಲಾದೀತೆಂದು ಕನಸಲ್ಲೂ ಎಣಿಸಿರಲಿಕ್ಕಿಲ್ಲ. ಕನಸು ಕಾಣಲು ಅವರಿಗೆ ನಿದ್ದೆಯಾದರೂ ಇತ್ತು. ನಮ್ಮ ಸಂಜೆ ಆರೂವರೆ ನ್ಯೂಯಾರ್ಕಿನ ಬೆಳಗಿನ ಒಂಬತ್ತು. ನವೆಂಬರಿನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಿಟ್ಟರೆ ನನ್ನ ಶಿಫ್ಟು ಏಳೂವರೆಗೆ ಜಾರುತ್ತದೆ. ಅಲ್ಲಿ ಮುಳ್ಳು ತಿರುಗಿದ್ದಕ್ಕೆ ಇಲ್ಲಿ ಅಮ್ಮನ ಗಂಜಿ ಆರುತ್ತದೆ.

ದಿನಕ್ಕೆ ಒಂಬತ್ತು ಗಂಟೆ ಕೆಲಸ ಎನ್ನುತ್ತದೆ 1961ರ ಅಂಗಡಿ ಕಾಯ್ದೆ. ‘ಒಂದೇ ಒಂದು ಕಾಲ್ ಇದೆ’ ಎನ್ನುವವರಿಗೆ ಅದನ್ನೆಲ್ಲ ಓದಲು ಪುರುಸೊತ್ತೆಲ್ಲಿ? ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮೈಶಾಖ ಇಳಿದು ದೇಹ ಶಟರ್ ಎಳೆಯತೊಡಗುತ್ತದೆ. ನಾನು ಕಾಫಿ ಸುರಿಯುತ್ತೇನೆ. ಕೆಫೀನ್ ಬಲು ಜಿಗುಟು. ಐದು ಗಂಟೆ ಕಳೆದರೂ ಸುಮಾರು ಅರ್ಧ ಮೈಯಲ್ಲೇ ಉಳಿದಿರುತ್ತದೆ. ಕ್ಲೈಂಟ್ ಮುಂದೆ ಬಾರದ ಎಚ್ಚರ ಒಂಬತ್ತಕ್ಕೆ ಸರಿಯಾಗಿ ಹಾಸಿಗೆಯಲ್ಲಿ ಬರುತ್ತದೆ. 2025ರ ಆಗಸ್ಟಿನಲ್ಲಿ ನಾವಿರುವ ಹೆಬ್ಬಗೋಡಿಗೂ ಹಳದಿ ಮೆಟ್ರೋ ಬಂತೆಂದು ಕುಣಿದೆ. ನಾನು ಆಫೀಸಿಂದ ಹೊರಬೀಳುವಾಗ ರೈಲೂ ಮಲಗಿರುತ್ತದೆ!

ಇಷ್ಟಾದರೂ ರಾತ್ರಿಯನ್ನು ಗೆದ್ದೇನು. ನನ್ನನ್ನು ಸೋಲಿಸುವುದು ಹಗಲು. ಕಸದ ಗಾಡಿಯ ಹಾಡು, ಮೇಲಿನ ಮನೆಯ ಡ್ರಿಲ್ಲಿಂಗು, ಕುಕ್ಕರಿನ ಸೀಟಿ ನಿಮಗೂ ಗೊತ್ತಿದ್ದದ್ದೇ. ಇವೆಲ್ಲವನ್ನೂ ಮೀರಿಸುವುದು ಅಮ್ಮನ ಕಾಳಜಿ. ಸೊಪ್ಪಿನವಳು ಬೀದಿ ತುದಿಯಲ್ಲಿ ಬಾಯಿ ತೆರೆದರೆ ಸಾಕು, ಬಾಲ್ಕನಿಯಿಂದ “ಶ್! ಮಗ ಮಲಗಿದ್ದಾನೆ, ಮೆಲ್ಲಗೆ!” ಎನ್ನುವ ದನಿ ಹುಸ್ಕೂರು ರಸ್ತೆಗೆ ಮುಟ್ಟುತ್ತದೆ. ಈಗ ಸೊಪ್ಪಿನವಳೂ ಕಾಳಜಿಯಿಂದ ನನ್ನ ಕಿಟಕಿಯ ಕೆಳಗೇ ನಿಂತು “ಅಮ್ಮಾ, ಮಗ ಎದ್ನಾ?” ಎಂದು ಕೂಗುತ್ತಾಳೆ.

“ರೀ, ಹೇಗೂ ಮನೇಲೇ ಇರ್ತೀರಲ್ಲ, ಸಿಲಿಂಡರ್ ಬರುತ್ತೆ, ಒಟಿಪಿ ಹೇಳಿ” ಎಂದು ಹೆಂಡತಿ ಶಾಲೆಗೆ ಹೊರಡುತ್ತಾಳೆ. ನಿದ್ದೆಗಣ್ಣಲ್ಲಿ ನಾನು ಹೇಳಿದ್ದು ಆಫೀಸಿನ ಪಾಸ್‌ವರ್ಡು. ಸಿಲಿಂಡರಿನವನು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು, “ಸಾರ್, ಬರೀ ನಂಬರ್ ಸಾಕು” ಎಂದ. ಎದುರು ಮನೆಯ ಯಜಮಾನರಂತೂ ಹಗಲಲ್ಲಿ ನನ್ನ ಲುಂಗಿ ಕಂಡು, ಪಾಪ, ಪೇಪರಿನ ‘ಬೇಕಾಗಿದ್ದಾರೆ’ ಪುಟ ಹರಿದು ಬಾಗಿಲಿಗೆ ಸಿಕ್ಕಿಸುತ್ತಿದ್ದಾರೆ.

ಮರ್ಯಾದೆ ಉಳಿಸಿಕೊಳ್ಳಲು ಶಿವರಾತ್ರಿಗೆ ರಜೆ ಹಾಕಿದೆ. ಜಾಗರಣೆ ಎಂದರೇನೆಂದು ಬೀದಿಗೇ ತೋರಿಸುತ್ತೇನೆಂದು ದೇವಸ್ಥಾನದಲ್ಲಿ ಮುಂದಿನ ಸಾಲಲ್ಲೇ ಕೂತೆ. ಮೊದಲ ಯಾಮದ ಪೂಜೆ ಮುಗಿಯುವ ಮುಂಚೆ ಭಜನೆಯ ಮೈಕಿನಲ್ಲಿ ನನ್ನ ಗೊರಕೆಯೂ ಸೇರಿತ್ತಂತೆ.

ಬೆಳಿಗ್ಗೆ ಅಮ್ಮ ನಿಟ್ಟುಸಿರುಬಿಟ್ಟಳು: “ಪುಣ್ಯ ತಪ್ಪಿಹೋಯ್ತು ಮಾರಾಯ. ಉಳಿದ ದಿನದ ಜಾಗರಣೆಯನ್ನಾದ್ರೂ ಶಿವನ ಲೆಕ್ಕಕ್ಕೆ ಹಾಕುವಾ ಅಂದ್ರೆ, ಅದಕ್ಕೆ ನೀನು ಸಂಬಳ ತಗೊಂಡಾಗಿದೆ!”