ವೈದ್ಯರ ನಂಬರು: ಪಡೆಯುವುದು, ಸಾಕುವುದು, ಬಾಡಿಗೆಗೆ ಬಿಡುವುದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ದವಾಖಾನೆ ತೆಗೆಯಲು ಹೊರಟಿದ್ದೀರಾ? ಶುಭವಾಗಲಿ. ಸ್ಟೆತಸ್ಕೋಪು, ಬಿ.ಪಿ. ಮಷೀನು, ಗಲ್ಲಾಪೆಟ್ಟಿಗೆ ಆಮೇಲೆ ತಂದರಾಯಿತು. ಮೊದಲು ನಂಬರು ಮಾಡಿಸಿ. ಒಂದು ಸಾಲದು, ನಾಲ್ಕು ಮಾಡಿಸಿ. ಕರ್ನಾಟಕ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ನಿಮ್ಮ ಪದವಿಗೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಪಿಎಂಇ ನಂಬರು ನಿಮ್ಮ ಕಟ್ಟಡಕ್ಕೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನು ಕೊಡುವ ಎಚ್‌ಪಿಆರ್ ಎಂಬ 14 ಅಂಕಿ ನಿಮ್ಮ ದೇಹಕ್ಕೆ. ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ಆಗಸ್ಟಿನಲ್ಲಿ ತೆರೆದ ರಾಷ್ಟ್ರೀಯ ರಿಜಿಸ್ಟರಿನ ನಂಬರು ನಿಮ್ಮ ಆತ್ಮಕ್ಕೆ ಎಂದು ತಿಳಿಯಿರಿ.

ಕಾಯಿಲೆಯವರು ಇವುಗಳಲ್ಲಿ ಯಾವುದನ್ನೂ ಕೇಳುವುದಿಲ್ಲ. ಹೊಸ್ತಿಲ ಆಚೆಯೇ ನಿಂತು ಅವರು ವಿಚಾರಿಸುವುದು ಒಂದೇ: ‘ಡಾಕ್ಟ್ರು ಸೂಜಿ ಮಾಡ್ತಾರೇನ್ರೀ?’ ಈ ಸತ್ಯವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಅರ್ಜಿಯನ್ನು ಹೆಸರಿನಿಂದ ಶುರು ಮಾಡಿ, ಅಲ್ಲೇ ಎಡವಿ. ಇದು ಕೊಟ್ಟೂರೇಶ್ವರನ ಸೀಮೆ. ಶಾಲೆಯ ಹಾಜರಿ ಪುಸ್ತಕ ತೆರೆದರೆ ಕೊಟ್ರೇಶ, ಕೊಟ್ರಪ್ಪ, ಕೊಟ್ರಬಸಪ್ಪ, ಕೊಟ್ರಗೌಡ ಎಲ್ಲರೂ ಒಂದೇ ಪುಟದಲ್ಲಿ ಸಿಗುತ್ತಾರೆ. ಒಬ್ಬ ಕೊಟ್ರೇಶನಿಂದ ಇನ್ನೊಬ್ಬ ಕೊಟ್ರೇಶನನ್ನು ಬೇರೆ ಮಾಡಲಿಕ್ಕೆಂದೇ ಸರ್ಕಾರ ನಂಬರು ಕಂಡುಹಿಡಿದದ್ದು. ಆದರೆ ಆ ನಂಬರು ಕೈಗೆ ಬರಬೇಕಾದರೆ ನೀವು ಆ ಕೊಟ್ರೇಶನೇ ಎಂದು ಮೊದಲು ಸಾಬೀತು ಮಾಡಬೇಕು. ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೊಟ್ರೇಶ ಬಿ.’, ಪದವಿ ಪತ್ರದಲ್ಲಿ ‘ಬಿ. ಕೊಟ್ರೇಶ್’, ಆಧಾರಿನಲ್ಲಿ ‘ಬಣಕಾರ ಕೊಟ್ರೇಶಪ್ಪ’ ಎಂದಿರುವಂತೆ ನೋಡಿಕೊಳ್ಳಿ. ಮೂರೂ ಕಡೆ ಒಂದೇ ಹೆಸರಿದ್ದರೆ ಅರ್ಜಿ ಸಲೀಸಾಗಿ ಪಾಸಾಗಿಬಿಡುತ್ತದೆ, ನೋಟರಿಯವರ ಪರಿಚಯವೇ ನಿಮಗೆ ಆಗುವುದಿಲ್ಲ. ‘ಮೇಲ್ಕಂಡ ಮೂವರೂ ನಾನೊಬ್ಬನೇ’ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಕೊಡಿ. ಅದರ ಜೆರಾಕ್ಸನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳಿ. ಮುಂದಿನ ನಂಬರಿಗೂ ಬೇಕಾಗುತ್ತದೆ.

ಅರ್ಜಿಯನ್ನು ನೀವೇ ತುಂಬಲು ಹೋಗಬೇಡಿ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗನಿಗೆ ವಹಿಸಿ. ಅವನು ಒಂದು ಕೈಯಲ್ಲಿ ಪಹಣಿ ತೆಗೆಯುತ್ತ, ಇನ್ನೊಂದು ಕೈಯಲ್ಲಿ ಯಾರದೋ ಅಜ್ಜಿಯ ಹೆಬ್ಬೆರಳು ಹಿಡಿದು ಯಂತ್ರಕ್ಕೆ ಒತ್ತಿಸುತ್ತ, ನಡುವೆ ನಿಮ್ಮ ಎಂಬಿಬಿಎಸ್ಸನ್ನೂ ಅಪ್‌ಲೋಡ್ ಮಾಡುತ್ತಾನೆ. ಪಾಸ್‌ವರ್ಡನ್ನು ಅವನೇ ಇಟ್ಟುಕೊಳ್ಳಲಿ. ಅಷ್ಟೆಲ್ಲ ಅಂಗರಚನಾಶಾಸ್ತ್ರ ನೆನಪಿಟ್ಟ ತಲೆಗೆ ಇದೂ ಏಕೆ?

‘ಸರ, ಓಟಿಪಿ ಬಂತೇನು ನೋಡ್ರಿ.’

‘ಬಂದಿಲ್ಲಪ್ಪ.’

‘ಆಧಾರ್‌ಗೆ ಯಾವ ನಂಬರ್ ಕೊಟ್ಟೀರಿ?’

‘ಕಾಲೇಜಿನಾಗ ಇದ್ದಾಗಿಂದು.’

‘ಆ ಸಿಮ್ ಈಗ ಎಲ್ಲೈತ್ರೀ?’

ಆ ಸಿಮ್ಮು ನಿಮ್ಮ ಅಣ್ಣನ ಹೊಲದಲ್ಲಿ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿನ ಹೊಟ್ಟೆಯಲ್ಲಿದೆ. ನಿಮ್ಮ ಓಟಿಪಿ ಬೋರ್‌ವೆಲ್ಲಿಗೆ ಹೋಗಿದೆ. ಗಾಬರಿ ಬೇಡ. ಹೊಲಕ್ಕೆ ಹೋಗಿ, ಡಬ್ಬಿ ಬಿಚ್ಚಿ, ಸಿಮ್ಮು ತೆಗೆದು ತನ್ನಿ. ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ, ಅಣ್ಣನ ಮೆಣಸಿನ ಗಿಡ ಬಾಡಿರುತ್ತದೆ, ಹುಡುಗ ಊಟಕ್ಕೆ ಹೋಗಿರುತ್ತಾನೆ.

ವಿಳಾಸದ ಕಲಮಿಗೆ ಬಂದಾಗ ಅವಸರ ಮಾಡಬೇಡಿ. ಹರಪನಹಳ್ಳಿಯವರಾದರೆ ನೀವೇ ಅದೃಷ್ಟವಂತರು. ಬಳ್ಳಾರಿ ಜಿಲ್ಲೆಯಲ್ಲಿದ್ದ ನಿಮ್ಮ ತಾಲ್ಲೂಕನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟರು, 2018ರಲ್ಲಿ ಬಳ್ಳಾರಿಗೆ ಹಿಂದಿರುಗಿಸಿದರು, 2021ರಲ್ಲಿ ವಿಜಯನಗರಕ್ಕೆ ಸೇರಿಸಿದರು. 1990ರ ಸುಮಾರಿಗೆ ಅಲ್ಲಿ ಬೋರ್ಡು ಹಾಕಿ ಕೂತ ಡಾಕ್ಟರು ಕುರ್ಚಿ ಬಿಟ್ಟು ಏಳದೆ ಮೂರು ಜಿಲ್ಲೆ ನೋಡಿಬಿಟ್ಟರು. ಪ್ರಧಾನಿಯವರು ಡಿಜಿಟಲ್ ಮಿಷನ್ ಉದ್ಘಾಟಿಸಿದ್ದು 2021ರ ಸೆಪ್ಟೆಂಬರ್ 27ರಂದು. ಇಡೀ ದೇಶದಲ್ಲಿ ಎಲ್ಲಿಗೆ ಹೋದರೂ ಬದಲಾಗದ ಗುರುತು ಎಂಬುದು ಅದರ ಹೆಗ್ಗಳಿಕೆ. ಸರಿಯಾಗಿ ಐದು ದಿನಕ್ಕೆ, ಅಕ್ಟೋಬರ್ 2ರಂದು, ವಿಜಯನಗರ ಜಿಲ್ಲೆಯ ಉದ್ಘಾಟನೆಯಾಗಿ ಈ ಐದೂ ತಾಲ್ಲೂಕುಗಳ ಡಾಕ್ಟರರ ಲೆಟರ್‌ಹೆಡ್ಡು ಹಳತಾಯಿತು.

ಹಳೆಯದನ್ನು ಎಸೆಯಬೇಡಿ. ಲೆಟರ್‌ಹೆಡ್ಡಿನಲ್ಲಿ ಬಳ್ಳಾರಿ ಜಿಲ್ಲೆ, ರಬ್ಬರ್ ಮೊಹರಿನಲ್ಲಿ ದಾವಣಗೆರೆ ಜಿಲ್ಲೆ, ಬೋರ್ಡಿನಲ್ಲಿ ವಿಜಯನಗರ ಜಿಲ್ಲೆ ಇರಲಿ. ಯಾವ ಜಿಲ್ಲೆಯ ಸಾಹೇಬರು ಪರಿಶೀಲನೆಗೆ ಬಂದರೂ ‘ನಾವು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಸರ್’ ಎಂದು ವಿನಯದಿಂದ ತೋರಿಸಲು ಒಂದು ಕಾಗದ ಸಿಕ್ಕೇ ಸಿಗುತ್ತದೆ. ಹಗರಿಬೊಮ್ಮನಹಳ್ಳಿಯವರು ಅರ್ಜಿಯ ಚೌಕಗಳಲ್ಲಿ ಊರಿನ ಹೆಸರು ಹಿಡಿಸದೆ ‘ಎಚ್.ಬಿ. ಹಳ್ಳಿ’ ಎಂದು ಮುಗಿಸುತ್ತಾರೆ. ಕಂಪ್ಯೂಟರಿನ ಪಟ್ಟಿಯಲ್ಲಿ ಆ ಹೆಸರಿನ ಊರೇ ಇರುವುದಿಲ್ಲ. ಕೊಟ್ಟೂರಿನವರು, ಈಗ ಸ್ವಂತ ತಾಲ್ಲೂಕಿದ್ದರೂ, ಹಳೆಯ ರೂಢಿಯಂತೆ ಕೂಡ್ಲಿಗಿ ತಾಲ್ಲೂಕು ಎಂದೇ ಒತ್ತಿ, ನಂಬರು ಬಂದ ಮೇಲೆ ಸ್ವಾಭಿಮಾನದಿಂದ ತಿದ್ದುಪಡಿಗೆ ಅರ್ಜಿ ಹಾಕಿಕೊಳ್ಳಿ.

ಕಟ್ಟಡದ ನಂಬರಿನದು ಬೇರೆಯೇ ಕಥೆ. ಕೆಪಿಎಂಇ ಕಾಯ್ದೆ 2007ರದು. 2017ರ ನವೆಂಬರಿನಲ್ಲಿ ಅದರ ತಿದ್ದುಪಡಿ ಬೇಡವೆಂದು ರಾಜ್ಯದ ಖಾಸಗಿ ವೈದ್ಯರು ಆಸ್ಪತ್ರೆಗಳ ಬಾಗಿಲು ಹಾಕಿ ಕೂತಿದ್ದು ನಿಮಗೆ ನೆನಪಿರಬಹುದು. ತಿದ್ದುಪಡಿ ಬಂತು, ಬಾಗಿಲೂ ತೆರೆಯಿತು. ಈಗ ಜಿಲ್ಲಾಧಿಕಾರಿಗಳೇ ನೋಂದಣಿ ಪ್ರಾಧಿಕಾರದ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಅರ್ಜಿ ಹಾಕಿದ ಮೇಲೆ ಅದರ ಸ್ಥಿತಿಗತಿ ಒಂದು ಸಾಲಿನಲ್ಲಿ ಮೊಬೈಲಿಗೆ ಬರುತ್ತದೆ. ಅದನ್ನು ಮೈಲಾರ ಜಾತ್ರೆಯ ಭವಿಷ್ಯವಾಣಿಯಾದ ಕಾರಣಿಕದಂತೆ ಸ್ವೀಕರಿಸಿ: ಒಂದೇ ವಾಕ್ಯ, ಅರ್ಥ ಅವರವರ ಭಾವಕ್ಕೆ. ‘ಪರಿಶೀಲನೆಯಲ್ಲಿದೆ’ ಎಂದರೆ ಮಳೆ-ಬೆಳೆ ಸಂಪು ಎಂದೂ ಆಗಬಹುದು, ರಾಜಕೀಯ ಬದಲಾವಣೆ ಎಂದೂ ಆಗಬಹುದು.

ಪರಿಶೀಲನೆಯ ದಿನ ತ್ಯಾಜ್ಯದ ಡಬ್ಬಿಗಳನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಸಾಲಾಗಿ ಜೋಡಿಸಿಡಿ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಡಿ, ಹೊಳಪು ಹೋಗುತ್ತದೆ. ಸಾಹೇಬರು ಹೋದ ಮೇಲೆ ಹಳದಿ ಡಬ್ಬಿಯಲ್ಲಿ ಅಮಾವಾಸ್ಯೆ ಪೂಜೆಯ ತೆಂಗಿನಕಾಯಿ ಇಡಿ, ನೀಲಿಯದರಲ್ಲಿ ಚಾರ್ಜರು-ವೈರು ಹಿಡಿಸುತ್ತವೆ. ಬಳಸಿದ ಸೂಜಿಗಳು ಮೊದಲಿನಿಂದ ಎಲ್ಲಿಗೆ ಹೋಗುತ್ತಿದ್ದವೋ ಅಲ್ಲಿಗೇ ಹೋಗಲಿ. ಹಿತ್ತಿಲು ದೊಡ್ಡದಿದೆ.

ನಂಬರು ಬಂತೆಂದಿಟ್ಟುಕೊಳ್ಳಿ. ಇನ್ನು ಅದನ್ನು ನೇತುಹಾಕುವ ಕೆಲಸ. ಚಿಕಿತ್ಸಾಲಯದಲ್ಲಿ, ಔಷಧ ಚೀಟಿಯಲ್ಲಿ, ಪ್ರಮಾಣಪತ್ರದಲ್ಲಿ, ಹಣದ ರಸೀದಿಯಲ್ಲಿ ನೋಂದಣಿ ಸಂಖ್ಯೆ ಕಾಣಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳುತ್ತದೆ. ರಸೀದಿ ಕೊಡದಿದ್ದರೆ ನಾಲ್ಕರಲ್ಲಿ ಒಂದು ಕಡಿಮೆಯಾಯಿತು ನೋಡಿ. ಚೀಟಿಗೆ ಮೊಹರು ಬಳಸಿ, ಇಂಕ್ ಪ್ಯಾಡನ್ನು ಕಿಟಕಿಯ ಬಿಸಿಲಲ್ಲಿ ಇಡಿ. ಅದಕ್ಕೆ ನಮ್ಮ ಸೀಮೆಯ ಏಪ್ರಿಲ್ ತಿಂಗಳೊಂದೇ ಸಾಕು, 3 ಯಾವುದು 8 ಯಾವುದು ಎಂದು ಔಷಧಿ ಅಂಗಡಿಯವನೂ ಹೇಳಲಾರ. ಗೋಡೆಯ ಪ್ರಮಾಣಪತ್ರಕ್ಕೆ ಒಳ್ಳೆಯ ಚೌಕಟ್ಟು ಹಾಕಿಸಿ, ದಿನಾ ಬೆಳಿಗ್ಗೆ ಒಂದು ಮೊಳ ಹಡಗಲಿ ಮಲ್ಲಿಗೆ ಏರಿಸಿ. ಮಾಲೆ ಇಳಿಬಿದ್ದು ನಿಂತ ಕಡೆಯೇ ನೋಂದಣಿ ಸಂಖ್ಯೆ ಮತ್ತು ನವೀಕರಣದ ದಿನಾಂಕ ಬರುವಂತೆ ಮೊಳೆಯ ಎತ್ತರ ಸರಿಪಡಿಸಿಕೊಳ್ಳಿ. ಭಕ್ತಿಯನ್ನು ಯಾರೂ ಸರಿಸಿ ನೋಡುವುದಿಲ್ಲ. ದರಪಟ್ಟಿಯೂ ಕಡ್ಡಾಯ, ಬಾಗಿಲ ಹಿಂದೆ ಅಂಟಿಸಿ, ಬಾಗಿಲನ್ನು ಸದಾ ತೆರೆದಿಡಿ. ಸದಾ ತೆರೆದ ಬಾಗಿಲು ಎಂಬ ಹೆಸರೂ ಬರುತ್ತದೆ.

ಬೋರ್ಡಿನ ಬಣ್ಣದ ಬಗ್ಗೆ ಎಚ್ಚರ. ನಕಲಿ ವೈದ್ಯರನ್ನು ಜನ ದೂರದಿಂದಲೇ ಗುರುತಿಸಲಿ ಎಂದು ರಾಜ್ಯದ ಆರೋಗ್ಯ ಇಲಾಖೆ 2024ರಲ್ಲಿ ಬಣ್ಣ ನಿಗದಿ ಮಾಡಿತು: ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು, ಮೇಲೆ ಕೆಪಿಎಂಇ ನಂಬರು. ಇದರಿಂದ ಅತಿ ಹೆಚ್ಚು ಅನುಕೂಲವಾಗುವುದು ಪದವಿಯೇ ಇಲ್ಲದವರಿಗೆ ಎಂಬುದು ನನ್ನ ಅನಿಸಿಕೆ. ಮೊದಲು ಅವರು ಜನರ ನಂಬಿಕೆ ಗಳಿಸಲು ವರ್ಷಗಟ್ಟಲೆ ಸೂಜಿ ಮಾಡಬೇಕಿತ್ತು, ಈಗ ಒಂದು ಡಬ್ಬಿ ನೀಲಿ ಬಣ್ಣ ಸಾಕು.

ಆ ವರ್ಗದ ಓದುಗರಿಗೂ ಒಂದೆರಡು ಮಾತು ಹೇಳದಿದ್ದರೆ ಕೈಪಿಡಿ ಪೂರ್ತಿಯಾಗದು. ಹೆಸರಿನ ಮುಂದೆ ಅಕ್ಷರಗಳನ್ನು ಧಾರಾಳವಾಗಿ ಹಾಕಿ. ನಡುನಡುವೆ ಚುಕ್ಕಿ, ಕೊನೆಗೊಂದು ಊರಿನ ಹೆಸರು, ಕಲ್ಕತ್ತಾ ಆದರೆ ಉತ್ತಮ. ಕೆಳಗೆ ‘ರಿ.ನಂ.’ ಎಂದು ಬರೆದು ಯಾವುದಾದರೂ ನಿಜವಾದ ನಂಬರು ಕೊಡಿ. ಅಂಗಡಿ ಪರವಾನಗಿಯದು, ಯುವಕ ಸಂಘದ ನೋಂದಣಿಯದು, ಬೈಕಿನದು, ಯಾವುದೂ ಆದೀತು. ಸುಳ್ಳು ಬರೆದ ಪಾಪ ಬರುವುದಿಲ್ಲ, ಸಂಖ್ಯೆಯಂತೂ ನಿಮ್ಮದೇ. ನೋಂದಣಿಯಿಲ್ಲದೆ ವೈದ್ಯ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ತಪಾಸಣೆಯ ಸುದ್ದಿ ಬಂದ ದಿನ ಶಟರ್ ಎಳೆದು, ‘ಡಾಕ್ಟರು ಜಾತ್ರೆಗೆ ಹೋಗಿದ್ದಾರೆ’ ಎಂಬ ಚೀಟಿ ಅಂಟಿಸಿ. ಈ ಐದು ತಾಲ್ಲೂಕುಗಳಲ್ಲಿ ಯಾವ ವಾರವೂ ಅದು ನಂಬಲಾಗದ ಕಾರಣವಲ್ಲ.

ಅಸಲಿ ನಂಬರು ಇದ್ದವರು ಅದನ್ನು ಸುಮ್ಮನೆ ಗೋಡೆಯ ಮೇಲೆ ಕೊಳೆಯಲು ಬಿಡಬೇಡಿ. ದುಡಿಸಿ. ನೀವು ಒಂದೂರಲ್ಲಿರಿ, ನಿಮ್ಮ ನಂಬರು ಮೂರೂರಲ್ಲಿರಲಿ. ನರ್ಸಿಂಗ್ ಹೋಮಿನವರಿಗೆ ಪಟ್ಟಿಯಲ್ಲಿ ತೋರಿಸಲು ಒಬ್ಬ ಪೂರ್ಣಾವಧಿ ವೈದ್ಯ ಬೇಕು, ಔಷಧಿ ಅಂಗಡಿಯವರಿಗೆ ಗೋಡೆಗೆ ಹಾಕಲು ಒಬ್ಬ ಫಾರ್ಮಸಿಸ್ಟು ಬೇಕು. ಮನುಷ್ಯರು ಇಬ್ಬರಿಗೂ ಬೇಡ. ಬಾಡಿಗೆಯನ್ನು ನಗದಾಗಿ ಪಡೆಯಿರಿ, ಮುಂಗಡ ಕೇಳಲು ನಾಚಿಕೆ ಬೇಡ. ಸಹಿ ಮಾಡಿದ ಖಾಲಿ ಚೀಟಿಗಳ ಪ್ಯಾಡಿಗೆ ಪ್ರತ್ಯೇಕ ದರ ಇಡಿ. ಮೆಡಿಕಲ್ ಕಾಲೇಜಿನ ಅಧ್ಯಾಪಕರ ಪಟ್ಟಿಯಲ್ಲಿ ಹೆಸರಿಟ್ಟು ಮನೆಯಲ್ಲಿರುವ ಹಳೆಯ ಸುಖಕ್ಕೆ ಮಾತ್ರ ಕಲ್ಲು ಬಿದ್ದಿದೆ: 2025ರ ಮೇ ತಿಂಗಳಿಂದ ಅಲ್ಲಿ ಮುಖ ತೋರಿಸಿಯೇ ಹಾಜರಿ, ಇದ್ದ ಜಾಗವನ್ನೂ ಫೋನು ಹೇಳಿಬಿಡುತ್ತದೆ. ನಮ್ಮ ಕಡೆಯ ಸಣ್ಣ ದವಾಖಾನೆಗಳಿಗೆ ಇನ್ನೂ ಆ ಕಣ್ಣು ಬಿದ್ದಿಲ್ಲ. ಇರುವಷ್ಟು ದಿನ ಉಂಡುಕೊಳ್ಳಿ.

ಅಮೆರಿಕದ ಪದ್ಧತಿಯನ್ನು ಯಾರಾದರೂ ಹೊಗಳಿದರೆ ಕಿವಿಗೊಡಬೇಡಿ. ಅಲ್ಲಿ ವೈದ್ಯನಿಗೂ ಆಸ್ಪತ್ರೆಗೂ ಎನ್‌ಪಿಐ ಎಂಬ 10 ಅಂಕಿಯ ಸಂಖ್ಯೆ. ಊರು ಬದಲಾದರೂ ಸಂಖ್ಯೆ ಬದಲಾಗದು. ಕೊನೆಯ ಅಂಕಿಯನ್ನು ಹಿಂದಿನ ಒಂಬತ್ತರಿಂದ ಲೆಕ್ಕ ಹಾಕಿ ತೆಗೆದಿರುತ್ತಾರೆ, ಹಾಗಾಗಿ ಬರೆಯುವಾಗ ಒಂದು ಅಂಕಿ ತಪ್ಪಿದರೂ ಕಂಪ್ಯೂಟರು ಅಲ್ಲೇ ಹಿಡಿದುಬಿಡುತ್ತದೆ. ಇಂಥ ಕಡೆ ಬೈಕಿನ ನಂಬರು ಹಾಕಿ ಬದುಕುವುದು ಹೇಗೆ ಹೇಳಿ.

ನವೀಕರಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಐದು ವರ್ಷಕ್ಕೊಮ್ಮೆ ಬರುತ್ತದೆ, ಅಷ್ಟರೊಳಗೆ 30 ಗಂಟೆ ಹೊಸ ವೈದ್ಯಕೀಯ ಜ್ಞಾನ ಪಡೆದಿರಬೇಕು. ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಕಾರ್ಯಾಗಾರವಿದ್ದರೆ ಬೆಳಿಗ್ಗೆ ಸಹಿ ಮಾಡಿ, ಬ್ಯಾಗು ಪಡೆದು, ಮನೆಯ ಸಾಮಾನು ಖರೀದಿ ಮುಗಿಸಿ ಊಟದ ಹೊತ್ತಿಗೆ ಸಭಾಂಗಣಕ್ಕೆ ಬನ್ನಿ. ಪ್ರಶ್ನೋತ್ತರದಲ್ಲಿ ಒಂದು ಪ್ರಶ್ನೆ ಕೇಳಿದರೆ ಫೋಟೋದಲ್ಲೂ ಬರುತ್ತೀರಿ.

ಇಷ್ಟೆಲ್ಲ ಸಂಖ್ಯೆಗಳನ್ನು ಜೋಪಾನ ಮಾಡುತ್ತಿರುವಾಗ ತಂಬ್ರಹಳ್ಳಿ ಕಡೆಯ ಮುದುಕಿಯೊಬ್ಬಳು ಸೂಜಿ ಮಾಡಿಸಿಕೊಂಡು, ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟು, ಬಾಗಿಲವರೆಗೆ ಹೋದವಳು ತಿರುಗಿ ಬಂದು ಕೇಳುತ್ತಾಳೆ: ‘ಯಪ್ಪಾ ಡಾಕ್ಟ್ರೇ, ನಿನ್ನ ನಂಬರ್ ಒಂಚೂರು ಕೊಡು.’ ಹಿಗ್ಗಬೇಡಿ. ಅವಳು ಕೇಳುತ್ತಿರುವುದು ಫೋನ್ ನಂಬರು. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಕೊಟ್ಟಿರೋ, ಸರಿರಾತ್ರಿಯಲ್ಲಿ ಮೊಮ್ಮಗನಿಗೆ ಹಾವು ಕಡಿಯಿತೆಂದು ಅವಳು, ಗುಡೇಕೋಟೆ ಗುಡ್ಡದಲ್ಲಿ ಕರಡಿ ಪರಚಿತೆಂದು ಇನ್ನೊಬ್ಬರು, ಹೆರಿಗೆ ನೋವು ಶುರುವಾಯಿತೆಂದು ಮತ್ತೊಬ್ಬರು ಎಬ್ಬಿಸುತ್ತಾರೆ. ಎಚ್‌ಪಿಆರ್, ಕೆಪಿಎಂಇ ಎರಡನ್ನೂ ಬೇಕಾದರೆ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಅವಳು ಮತ್ತೂ ಒತ್ತಾಯ ಮಾಡಿದರೆ ಬಾಗಿಲಿಗೆ ಅಂಟಿಸಿದ 108 ಆಂಬುಲೆನ್ಸ್ ನಂಬರಿನ ಕಡೆ ಕೈ ತೋರಿಸಿ. 2008ರಿಂದ ಅದು ರಾಜ್ಯಕ್ಕೆಲ್ಲ ಒಂದೇ ಇದೆ, ಓಟಿಪಿ ಕೇಳುವುದಿಲ್ಲ, ಅದನ್ನು ನೀವು ನವೀಕರಿಸಬೇಕಾಗಿಯೂ ಇಲ್ಲ.