ವಲಯಮೀಮಾಂಸೆ: ಹಿಂದೂಪುರ–ಕಲ್ಯಾಣದುರ್ಗ ಪ್ರಾಂತ್ಯದ ಭೂಬಳಕೆಯ ಕುರಿತು ಒಂದು ಶಾಸ್ತ್ರಗ್ರಂಥ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನೂ ನಿರೂಪಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ವಿಷಯ: ನೆಲ. ಪ್ರಯೋಜನ: ನೆಲದ ಬೆಲೆ. ಸಂಬಂಧ: ಭಾವಮೈದುನ. ಅಧಿಕಾರಿ: ವರ್ಗವಾಗಿ ಹೋಗಿದ್ದಾರೆ. ಆದ್ದರಿಂದ ಗ್ರಂಥವನ್ನು ಆರಂಭಿಸಲು ಯಾವ ಅಡ್ಡಿಯೂ ಇಲ್ಲ.

ಪ್ರಥಮಾಧ್ಯಾಯ: ಪ್ರಾಂತ್ಯನಿರ್ಣಯ

2022ರ ಏಪ್ರಿಲ್ 4ರವರೆಗೆ ಹಿಂದೂಪುರ, ಕಲ್ಯಾಣದುರ್ಗ ಎರಡೂ ಅನಂತಪುರ ಜಿಲ್ಲೆಯವು. ಅಂದು ಆಂಧ್ರದ 13 ಜಿಲ್ಲೆಗಳು 26 ಆದವು. ಕಲ್ಯಾಣದುರ್ಗ ಇದ್ದಲ್ಲೇ ಉಳಿಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲಾ ಕೇಂದ್ರ ನಮ್ಮೂರಲ್ಲೇ ಆಗಬೇಕೆಂದು ಹಿಂದೂಪುರದವರು ಬೀದಿಗಿಳಿದರು, ಶಾಸಕ ಬಾಲಕೃಷ್ಣ ಮೌನದೀಕ್ಷೆಗೆ ಕೂತರು. ಕೇಂದ್ರ ಪುಟ್ಟಪರ್ತಿಗೆ ಹೋಯಿತು. ಮೌನವೂ ಸಮ್ಮತಿಯ ಲಕ್ಷಣವೆಂದು ಸರ್ಕಾರ ವ್ಯಾಖ್ಯಾನಿಸಿರಬಹುದು.

ಪ್ರಾಂತ್ಯದ ಪಶ್ಚಿಮ, ದಕ್ಷಿಣಗಳಲ್ಲಿ ಕರ್ನಾಟಕವೆಂಬ ಪ್ರದೇಶ ಇದೆಯೆಂದು ಲೋಕಪ್ರಸಿದ್ಧಿ. ಆದರೆ ಯೋಜನಾ ನಕ್ಷೆಯಲ್ಲಿ ಅದಕ್ಕೆ ಬಿಳಿ ಬಣ್ಣ. ಎಂದರೆ ಅಲ್ಲಿ ಏನೂ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರು ಹಾದು ಬರುವ ಪೆನ್ನಾ ನದಿ ಈ ನಕ್ಷೆಯ ಅಂಚಿನಲ್ಲಿ ದಿಢೀರನೆ ಉದ್ಭವಿಸುತ್ತದೆ. ಆದ್ದರಿಂದ ಅದು ಸ್ವಯಂಭು. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಜನ ಗಡಿ ದಾಟಿದೊಡನೆ ಶೂನ್ಯದಲ್ಲಿ ಲೀನರಾಗಿ, ರಾತ್ರಿ ಶೂನ್ಯದಿಂದಲೇ ಪುನರ್ಜನ್ಮ ಪಡೆಯುತ್ತಾರೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುವ ನಮ್ಮಂಥವರನ್ನು ಯಾವ ಬಣ್ಣದಲ್ಲಿ ಬಳಿಯಬೇಕೆಂಬುದು ಶಾಸ್ತ್ರದಲ್ಲಿ ಇತ್ಯರ್ಥವಾಗಿಲ್ಲ.

ದ್ವಿತೀಯಾಧ್ಯಾಯ: ವರ್ಣಧರ್ಮ

ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸರ್ಕಾರಿ ಕಚೇರಿ ಆಸ್ಪತ್ರೆಗಳಿಗೆ ಕೆಂಪು, ತೋಟ ಹೊಲಗಳಿಗೆ ಹಸಿರು. ವರ್ಣಸಂಕರ ನಿಷಿದ್ಧ. ನದಿಗೂ ನೀಲಿಯೇ. ವ್ಯಾಪಾರದ ನೀಲಿಯೂ ನದಿಯ ನೀಲಿಯೂ ಒಂದೇ ಹೇಗೆ ಎಂದು ಕೆಲವು ಮಂದಮತಿಗಳು ಆಕ್ಷೇಪಿಸುತ್ತಾರೆ. ನದಿಯಲ್ಲಿ ನೀರಿಲ್ಲ, ಮರಳಿದೆ. ಮರಳು ವ್ಯಾಪಾರದ ವಸ್ತು. ಆದ್ದರಿಂದ ವರ್ಣೈಕ್ಯ ಸಿದ್ಧ.

ಈ ವರ್ಣಧರ್ಮಕ್ಕೆ ಬಹುದೊಡ್ಡ ಅಪವಾದ ಹಿಂದೂಪುರದ ಹೊಸ್ತಿಲು. ಹುಣಿಸೆಹಣ್ಣಿಗೆ ಈ ಊರಿನ ಮಾರುಕಟ್ಟೆ ಹೆಸರುವಾಸಿ; ಕರಿಪುಲಿ, ಫ್ಲವರ್ ಎಂದು ಎರಡು ದರ್ಜೆ ಮಾಡಿ ಹರಾಜು ಕೂಗುತ್ತಾರೆ. ಯಾರ್ಡಿಗೆ ಬರುವ ಮುಂಚೆ ಆ ಹಣ್ಣು ಯಾವುದೋ ಓಣಿಯ ಹೊಸ್ತಿಲ ಮೇಲೆ ಬಂದು ಹೋಗಿರುತ್ತದೆ. ಹೆಂಗಸು ಕಾಲು ಚಾಚಿ ಕೂತಿದ್ದಾಳೆ. ಓಡು ಬಿಡಿಸುತ್ತಾಳೆ, ನಾರು ಎಳೆಯುತ್ತಾಳೆ, ಹಣ್ಣನ್ನು ಕಲ್ಲಿನ ಮೇಲಿಟ್ಟು ಕಬ್ಬಿಣದ ತುಂಡಿನಿಂದ ಒಂದೇಟು ಹಾಕುತ್ತಾಳೆ, ಬೀಜ ಹಾರಿ ಬೀಳುತ್ತದೆ. ಓಡಿನ ಗುಡ್ಡೆ ಎಡಕ್ಕೆ, ಬೀಜದ ಗುಡ್ಡೆ ಬಲಕ್ಕೆ, ಮಗು ತೊಡೆಯ ಮೇಲೆ. ಬೆರಳ ತುದಿಗಳು ಹುಳಿಗೆ ಬಿರಿದಿವೆ. ಕೂಲಿ ಕೆಜಿ ಲೆಕ್ಕ.

ಶಾಸ್ತ್ರಪ್ರಶ್ನೆ: ಇದು ಯಾವ ವಲಯ? ಹೊಸ್ತಿಲಿನ ಒಳಗೆ ಹಳದಿ, ಹೊರಗೆ ನೀಲಿ, ಕಬ್ಬಿಣ ಬೀಳುವ ಜಾಗ ನೇರಳೆ. ಮುಕ್ಕಡಿಪೇಟೆಯ ಕಡೆ ಹೋದರೆ ಪಡಸಾಲೆಯ ನೆಲ ತೋಡಿ ಮಗ್ಗ ಹೂಡಿದ ಮನೆಗಳು ಸಿಗುತ್ತವೆ; ಗುಂಡಿಯಲ್ಲಿ ಕಾಲಿಟ್ಟು ಗಂಡ ರೇಷ್ಮೆ ಸೀರೆ ನೇಯುತ್ತಾನೆ, ಮಗ್ಗದ ಪಕ್ಕದಲ್ಲೇ ಒಲೆ. ಇಡೀ ಮನೆಯೇ ವರ್ಣಸಂಕರ. ಕಾರ್ಖಾನೆಯನ್ನೂ ಮನೆಯನ್ನೂ ಬೇರೆ ಮಾಡುವ ಏರ್ಪಾಡನ್ನು ನ್ಯೂಯಾರ್ಕ್ 1916ರಲ್ಲಿ ಮಾಡಿಕೊಂಡಿತು. ಅಲ್ಲಿ ಬೇರೆ ಮಾಡಲು ಎರಡಿದ್ದವು. ನಾಲ್ಕು ವರ್ಷದ ನಂತರ, 1920ರಲ್ಲಿ, ಮದ್ರಾಸ್ ಪ್ರಾಂತ್ಯಕ್ಕೆ ಟೌನ್ ಪ್ಲಾನಿಂಗ್ ಕಾಯ್ದೆ ಬಂತು. ನೂರು ವರ್ಷ ಕಳೆದರೂ ನಮ್ಮ ಓಣಿಯಲ್ಲಿ ದುಡಿಮೆ ಎಲ್ಲಿ ಮುಗಿದು ಬದುಕು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆದು ತೋರಿಸಿದವರಿಲ್ಲ.

ತೃತೀಯಾಧ್ಯಾಯ: ನವಮವಿನ್ಯಾಸ

ಮಾನಸಾರವೆಂಬ ಪ್ರಾಚೀನ ಶಿಲ್ಪಶಾಸ್ತ್ರ ಗ್ರಾಮಗಳನ್ನು ದಂಡಕ, ಸರ್ವತೋಭದ್ರ, ನಂದ್ಯಾವರ್ತ, ಪದ್ಮಕ, ಸ್ವಸ್ತಿಕ, ಪ್ರಸ್ತರ, ಕಾರ್ಮುಕ, ಚತುರ್ಮುಖ ಎಂದು ಎಂಟು ಬಗೆಯಾಗಿ ವಿಂಗಡಿಸುತ್ತದೆ. ಆ ಮಹಾನುಭಾವರ ಕಾಲದಲ್ಲಿ ಜೆಸಿಬಿ ಇರಲಿಲ್ಲವಾಗಿ ಒಂಬತ್ತನೆಯ ವಿನ್ಯಾಸ ಅವರಿಗೆ ಹೊಳೆಯಲಿಲ್ಲ. ಅದರ ಹೆಸರು ವೆಂಚರ್.

ವೆಂಚರಿನ ಲಕ್ಷಣಗಳು: ಶೇಂಗಾ ಬೆಳೆಯುತ್ತಿದ್ದ ಕೆಂಪು ನೆಲವನ್ನು ಹೆರೆದು ಮಟ್ಟ ಮಾಡಿರಬೇಕು. ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿರಬೇಕು. ಮನೆ ಒಂದೂ ಇರಕೂಡದು, ಕಮಾನು ಮಾತ್ರ ಕಡ್ಡಾಯ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬುದು ಇಲ್ಲಿನ ವಾಸ್ತುಸೂತ್ರ. ಹೆಸರಿನ ಕೊನೆಗೆ ‘ಸಿಟಿ’ ಇಲ್ಲವೇ ‘ಎನ್‌ಕ್ಲೇವ್’ ಬರಬೇಕು. ಭಾನುವಾರ ಶಾಮಿಯಾನ, ಲಕ್ಕಿ ಡ್ರಾ, ಬಿರಿಯಾನಿ.

ಪ್ರಮಾಣವಿಚಾರ: ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಒಪ್ಪುತ್ತಾರೆ. ವೆಂಚರ್ ದರ್ಶನಕ್ಕೆ ಐದನೆಯದೊಂದುಂಟು: ಬ್ರೋಷರ್. ಹಿಂದೂಪುರದ ಪ್ಲಾಟು ‘ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಒಂದೇ ಗಂಟೆ’ ಎಂಬ ಜ್ಞಾನ ಬ್ರೋಷರಿನಿಂದಲ್ಲದೆ ಬೇರೆ ಯಾವ ಪ್ರಮಾಣದಿಂದಲೂ ಉಂಟಾಗದು. ಪೆನುಕೊಂಡದ ಬಳಿಯ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ ಕಾರು ಹೊರತರಲು ಶುರುಮಾಡಿದ 2019ರಿಂದ ಸುತ್ತಲ ಹೊಲಗಳೆಲ್ಲ ಅದಕ್ಕೆ ‘ಹತ್ತಿರ’ವಾಗಿವೆ. ಕಲ್ಯಾಣದುರ್ಗದಲ್ಲಿ ಭವಿಷ್ಯತ್ಕಾಲವೂ ಪ್ರಮಾಣವೇ. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಧುಗಿರಿ ಹಾದು ತುಮಕೂರು ಸೇರಬೇಕಾದ ರೈಲುಮಾರ್ಗ ಮಂಜೂರಾದದ್ದು 2007–08ರಲ್ಲಿ. ಹಳಿ ತುಮಕೂರು ಮುಟ್ಟುವ ಮೊದಲೇ ಸೈಟಿನ ಬೆಲೆ ಮುಟ್ಟಿ ವಾಪಸು ಬಂದಿದೆ.

ಚತುರ್ಥಾಧ್ಯಾಯ: ಪ್ರಾಯಶ್ಚಿತ್ತಪ್ರಕರಣ

ಮೊದಲು ಯೋಜನೆ, ಆಮೇಲೆ ಅನುಮತಿ, ಆಮೇಲೆ ಮಾರಾಟ ಎಂಬುದು ಪಾಮರರ ಕ್ರಮ. ಸಿದ್ಧಾಂತಿಗಳ ಕ್ರಮದಲ್ಲಿ ಮೊದಲು ಮಾರಾಟ, ಆಮೇಲೆ ರಸ್ತೆ, ಆಮೇಲೆ ಚುನಾವಣೆ, ಕೊನೆಗೆ ಸಕ್ರಮ. ಅನಧಿಕೃತ ಬಡಾವಣೆಗಳನ್ನು ಸಕ್ರಮಗೊಳಿಸುವ ಯೋಜನೆ ಆಂಧ್ರದಲ್ಲಿ 2007ರ ಕೊನೆಗೆ ಬಂತು, 2020ರಲ್ಲಿ ಮತ್ತೆ ಬಂತು, 2025ರಲ್ಲಿ ಮತ್ತೊಮ್ಮೆ ಬಂತು. ಪ್ರತಿ ಸಲವೂ ಕೊನೆಯ ದಿನಾಂಕ ಇತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಗಾದೆ. ದಿಡ್ಡಿ ಬಾಗಿಲಿಗೆ ಶುಲ್ಕ ಕಟ್ಟಿಸಿಕೊಳ್ಳುವುದು ಆಡಳಿತ.

ಬಡಾವಣೆ ಮಾಡುವವನು ಶೇಕಡಾ 10ರಷ್ಟು ಜಾಗವನ್ನು ಬಯಲಾಗಿ ಬಿಡಬೇಕು. ಬಿಡದಿದ್ದರೆ ಸಕ್ರಮದ ವೇಳೆ ಅದಕ್ಕೆ ಬದಲಾಗಿ ಹಣ ಕಟ್ಟಬಹುದು. ಕಟ್ಟುವವನು ಯಾರು? ಮಾರಿದವನು ಅಷ್ಟರಲ್ಲಿ ಮೂರನೆಯ ವೆಂಚರಿನ ಕಮಾನು ಕಟ್ಟಿಸುತ್ತಿರುತ್ತಾನೆ. ಕೊಂಡವನು ಕಟ್ಟುತ್ತಾನೆ. ಅಲ್ಲಿಗೆ ಪಾಪ ಮಾಡಿದವನೊಬ್ಬ, ಪ್ರಾಯಶ್ಚಿತ್ತ ಮಾಡಿಕೊಳ್ಳುವವನೊಬ್ಬ. ಪಾರ್ಕು ಇಲ್ಲ, ರಸೀದಿ ಇದೆ. ಮಕ್ಕಳು ರಸೀದಿಯಲ್ಲಿ ಆಡಿಕೊಳ್ಳಲಿ.

ಪಂಚಮಾಧ್ಯಾಯ: ಸಪ್ತವಿಧಭೂಮಿ

ಭೂಮಿ ಏಳು ವಿಧ.

ಒಂದು, ಪಟ್ಟಾ ಭೂಮಿ: ಅಜ್ಜನ ಹೆಸರಲ್ಲಿರುತ್ತದೆ, ಅಜ್ಜ ಇರುವುದಿಲ್ಲ.

ಎರಡು, ಅಸೈನ್ಡ್ ಭೂಮಿ: ಭೂಮಿಯಿಲ್ಲದವರಿಗೆ ಸರ್ಕಾರ ಕೊಟ್ಟದ್ದು. ಇದನ್ನು ಮಾರಕೂಡದೆಂದು 1977ರಲ್ಲೇ ಕಾಯ್ದೆಯಾಯಿತು. ಆದ್ದರಿಂದ ಮಾರಿದವರಿಗೆ ಕಡಿಮೆ ಬೆಲೆ ಸಿಗುತ್ತದೆ.

ಮೂರು, 22-ಎ ಭೂಮಿ: ನೋಂದಣಿ ನಿಷೇಧದ ಪಟ್ಟಿಯಲ್ಲಿರುವುದು. ತನ್ನ ಹೊಲ ಈ ಪಟ್ಟಿ ಸೇರಿದ್ದು ರೈತನಿಗೆ ಗೊತ್ತಾಗುವುದು ಮಗಳ ಮದುವೆಗೆ ಮಾರಲು ಹೋದ ದಿನ.

ನಾಲ್ಕು, ಚುಕ್ಕೆ ಭೂಮಿ: ಬ್ರಿಟಿಷರ ಕಾಲದ ಸರ್ವೆ ಗುಮಾಸ್ತ ದಾಖಲೆಯಲ್ಲಿ ಒಡೆಯನ ಹೆಸರಿನ ಜಾಗದಲ್ಲಿ ಚುಕ್ಕೆಗಳನ್ನಿಟ್ಟು ಎದ್ದುಹೋದ. ಆ ಚುಕ್ಕೆಗಳನ್ನು ಹೆಸರಾಗಿ ಮಾಡಲು 2017ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಮೂರು ತಲೆಮಾರು ಉತ್ತವರು ಆ ಚುಕ್ಕೆಯೊಳಗೇ ಹುಟ್ಟಿ ಸತ್ತರು.

ಐದು, ಜ್ಞಾನಭೂಮಿ. ಹಿಂದೂಪುರದಿಂದ ಬಹಳ ದೂರವೇನಲ್ಲ, ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ. ಲೇಪಾಕ್ಷಿಯ ಹೆಸರಿಟ್ಟು ‘ನಾಲೆಡ್ಜ್ ಹಬ್’ ಎಂದರು. 2000ರ ದಶಕದ ಕೊನೆಯಲ್ಲಿ ಸರ್ಕಾರ ಅದಕ್ಕೆ ಕೊಟ್ಟದ್ದು 8,844 ಎಕರೆ. ಹಬ್ ಬರಲಿಲ್ಲ. ಸಿಬಿಐ ಪ್ರಕರಣ ಬಂತು. ಜಮೀನು ಬ್ಯಾಂಕುಗಳಿಗೆ ಅಡವು ಬಿತ್ತು, ಮಾತು ದಿವಾಳಿ ನ್ಯಾಯಮಂಡಳಿಯವರೆಗೂ ಹೋಯಿತು.

ಆರು, ಏಳನ್ನು ಬಿಡಿ. ವರ್ಗೀಕರಣ ಸಾಕು, ಒಂದು ಲೆಕ್ಕ ಮಾಡೋಣ.

ಒಂದು ಎಕರೆಗೆ 100 ಸೆಂಟು. 8,844 ಎಕರೆ ಎಂದರೆ 8,84,400 ಸೆಂಟು. 2020ರ ಡಿಸೆಂಬರ್ 25ರಂದು ಶುರುವಾದ ‘ಬಡವರೆಲ್ಲರಿಗೂ ಮನೆ’ ಯೋಜನೆಯಲ್ಲಿ ಪಟ್ಟಣದ ಬಡ ಕುಟುಂಬಕ್ಕೆ ಸಿಕ್ಕಿದ್ದು 1 ಸೆಂಟು, ಹಳ್ಳಿಯಲ್ಲಿ ಒಂದೂವರೆ. ರಸ್ತೆಗೆ, ಚರಂಡಿಗೆ, ಶಾಲೆಗೆ ಎಂದು ಅರ್ಧ ತೆಗೆದಿಟ್ಟರೂ ಆ ಜ್ಞಾನಭೂಮಿಯಲ್ಲಿ ನಾಲ್ಕು ಲಕ್ಷ ಸೆಂಟಿಗೂ ಹೆಚ್ಚು ಉಳಿಯುತ್ತದೆ. 2011ರ ಜನಗಣತಿಯಲ್ಲಿ ಹಿಂದೂಪುರದ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ತೊಟ್ಟಿಲ ಕೂಸಿಗೂ ತಲೆಗೆ ಎರಡು ಸೆಂಟಿನಂತೆ ಹಂಚಿದರೂ ಮಿಗುತ್ತಿತ್ತು.

ಒಂದು ಸೆಂಟು ಎಂದರೆ 435.6 ಚದರ ಅಡಿ. ಆಚೆಗೆ ಇಪ್ಪತ್ತೊಂದಡಿ, ಈಚೆಗೆ ಇಪ್ಪತ್ತೊಂದಡಿ. ಇಷ್ಟು ಸಾಕು ಎಂದು ತೀರ್ಮಾನಿಸಿದವರು ಯಾರು? ಮಗ್ಗ ಹೂಡುವುದೆಲ್ಲಿ? ಹುಣಿಸೆ ಒಣಹಾಕುವುದೆಲ್ಲಿ? ಎಮ್ಮೆ ಕಟ್ಟುವುದೆಲ್ಲಿ? ಮನೆಯಲ್ಲಿ ಸಾವಾದರೆ ಹೆಣ ಮಲಗಿಸಿ ನಾಲ್ಕು ಜನ ಸುತ್ತ ಕೂರುವುದೆಲ್ಲಿ? 2024ರ ಚುನಾವಣೆಯಲ್ಲಿ ಎದುರು ಪಕ್ಷದವರು ಪಟ್ಟಣದಲ್ಲಿ 2, ಹಳ್ಳಿಯಲ್ಲಿ 3 ಸೆಂಟು ಎಂದರು. ಹರಾಜು ಕಟ್ಟೆಯಲ್ಲಿ ಕೂಗಿದ ಹಾಗೆ ಒಂದು, ಒಂದೂವರೆ, ಎರಡು, ಮೂರು! ಬಡವರಿಗೆ ಕೊಡುವಾಗ ಮಾತ್ರ ನೆಲಕ್ಕೆ ದಶಾಂಶ ಬಿಂದು ಹುಟ್ಟುತ್ತದೆ. ದೊಡ್ಡವರಿಗೆ ಕೊಡುವಾಗ ಸಾವಿರದ ಅಲ್ಪವಿರಾಮ.

ಆರನೆಯ ಅಧ್ಯಾಯ

ಇದಕ್ಕೆ ಸಂಸ್ಕೃತದ ಹೆಸರು ಬೇಡ.

ಭೂಬಳಕೆ ಯೋಜನೆಗಳ ಬಗ್ಗೆ ‘ಸಾರ್ವಜನಿಕ ಸಮಾಲೋಚನೆ’ ಅಂತ ಸಭೆಗಳು ನಡೆಯುತ್ತವೆ. ಒಂದಕ್ಕೆ ನಾನೂ ಹೋಗಿದ್ದೆ. ಪರದೆಯ ಮೇಲೆ ಇಂಗ್ಲಿಷ್, ಭಾಷಣ ತೆಲುಗಿನಲ್ಲಿ, ಕೂತವರಲ್ಲಿ ಅರ್ಧ ಜನ ಮನೆಯಲ್ಲಿ ಕನ್ನಡ ಆಡುವವರು. ಕನ್ಸಲ್ಟೆಂಟ್ ಹುಡುಗ ‘ಸಸ್ಟೇನಬಲ್’, ‘ಇನ್‌ಕ್ಲೂಸಿವ್’, ‘ರೆಸಿಲಿಯೆಂಟ್’ ಎಂದು ಮೂರು ಮಂತ್ರ ಪಠಿಸಿದ. ಹಿಂದಿನ ಸಾಲಿನಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡ ಮುದುಕರೊಬ್ಬರು ಎದ್ದರು.

“ಸ್ವಾಮಿ, ನಮ್ಮೂರ ವಂಕ ಇದ್ರಾಗೆ ಎಲ್ಲೈತೆ?”

“ಅದು ಡ್ರೈನೇಜ್ ಲೇಯರ್‌ನಲ್ಲಿ ಬರುತ್ತೆ ತಾತಾ. ಮ್ಯಾಪ್ ಕ್ಲಿಯರಾಗಿ ಕಾಣ್ಲಿ ಅಂತ ಈಗ ಆಫ್ ಮಾಡಿದೀವಿ.”

“ಮಳೆಗಾಲಕ್ಕೆ ಆನ್ ಮಾಡ್ತೀರೇನಪ್ಪಾ?”

ಸಭೆ ನಕ್ಕಿತು, ಹುಡುಗನೂ ನಕ್ಕ. ಮುಂದಿನ ಸ್ಲೈಡ್ ಬಂತು.

ನಗುವ ಮಾತಲ್ಲ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ನಮ್ಮದೊಂದು. ವರ್ಷದಲ್ಲಿ ಬಹುಕಾಲ ವಂಕದಲ್ಲಿ, ಎಂದರೆ ಹಳ್ಳದಲ್ಲಿ, ನೀರಿರುವುದಿಲ್ಲ. ಒಣಗಿದ ವಂಕ ಸೈಟಿನ ಹಾಗೆ ಕಾಣುತ್ತದೆ, ಸೈಟಾಗಿ ಮಾರಾಟವಾಗುತ್ತದೆ. 2022ರ ಅಕ್ಟೋಬರಿನಲ್ಲಿ ಅನಂತಪುರ ನಗರದ ನಡಿಮಿವಂಕ ತನ್ನ ಹಳೆಯ ದಾರಿ ಹುಡುಕಿಕೊಂಡು ಬಂತು. ದಾರಿಯಲ್ಲಿ ಕಾಲನಿಗಳಿದ್ದವು. ಜನ ಮಾಳಿಗೆ ಹತ್ತಿ ಕೂತರು, ದೋಣಿ ತರಬೇಕಾಯಿತು. ಬರದ ಜಿಲ್ಲೆಯಲ್ಲಿ ದೋಣಿ!

ಈ ಪ್ರಾಂತ್ಯಕ್ಕೆ ಯೋಜನೆ ಮಾಡಲು ಬರುತ್ತಿರಲಿಲ್ಲವೇ? ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಕಲ್ಲಿನ ಮೇಲೆ ಬರೆಸಿದ. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ. ನೆಲ ಚೌಳಾಗಿರುವುದು ಇನ್ನೊಂದು. ಮೂರನೆಯದು, ಎರಡು ರಾಜ್ಯಗಳ ಗಡಿಯಲ್ಲಿರುವುದು.

ಸಾವಿರ ಪುಟದ ವಿಷನ್ ದಾಖಲೆಗಳಲ್ಲಿ ಸಿಗದ ಮಾತನ್ನು ಆರೂವರೆ ಶತಮಾನದ ಹಿಂದೆ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ನಮ್ಮ ಗಡಿ ದಾಟಿ ಬರುವ ಪೆನ್ನಾ ನದಿಯ ನೀರಿನ ಬಗ್ಗೆ ಮದ್ರಾಸೂ ಮೈಸೂರೂ 1892ರಲ್ಲಿ ಒಪ್ಪಂದ ಬರೆದುಕೊಂಡವು. ಆ ಗಡಿಯ ಆಚೆ ಪಾವಗಡದಲ್ಲಿ ಈಗ ಸುಮಾರು 13,000 ಎಕರೆ ಸೌರಫಲಕ ಹಾಸಿದೆ. ಅಲ್ಲಿನ ರೈತರ ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಹಿಡಿದಿದ್ದಾರೆ. ವರ್ಷಾವರ್ಷ ಬಾಡಿಗೆ ಬರುತ್ತದೆ. ಕೂಲಿಯವರಿಗೆ ಏನು ಸಿಕ್ಕಿತು ಎಂಬ ಜಗಳ ಅಲ್ಲೂ ಇದೆ. ಆದರೆ ನೆಲ ಮಾರದೆಯೂ ಯೋಜನೆ ಮಾಡಬಹುದೆಂಬ ಪಾಠ ನಮ್ಮ ನಕ್ಷೆಯ ಬಿಳಿ ಭಾಗದಲ್ಲಿ ಬಿದ್ದಿದೆ. ಬಿಳಿಯಲ್ಲವೇ, ಯಾರೂ ಓದಲಿಲ್ಲ.

1999ರಲ್ಲಿ ‘ವಿಷನ್ 2020’ ಬಂತು. 2020 ಬಂದು ಹೋಯಿತು. 2024ರ ಡಿಸೆಂಬರಿನಲ್ಲಿ ‘ಸ್ವರ್ಣಾಂಧ್ರ 2047’ ಬಂದಿದೆ. ಅದಕ್ಕೂ ಮುಂಚೆ ಮಾಡಬೇಕಾದ ಸಣ್ಣಪುಟ್ಟ ಕೆಲಸಗಳಿವೆ. ಬಣ್ಣ ಬಳಿಯುವ ಮೊದಲು ಒಂದು ಮಳೆಗಾಲ ವಂಕದ ಗುಂಟ ನಡೆಯಿರಿ, ನೀರು ಹರಿದಷ್ಟು ಅಗಲಕ್ಕೆ ಕಲ್ಲು ನೆಡಿ; ಆ ಕಲ್ಲಿನ ಮೇಲೆ ಯಾರ ಫೋಟೋವೂ ಬೇಡ. ನಕ್ಷೆಯನ್ನು ಕನ್ನಡ, ತೆಲುಗು ಎರಡರಲ್ಲೂ ಬರೆಸಿ ಪುರಸಭೆಯ ಗೋಡೆಗೆ ಅಂಟಿಸಿ. ಬಯಲು ಬಿಡದೆ ಮಾರಿದವನಿಂದಲೇ ದಂಡ ವಸೂಲಿ ಮಾಡಿ, ಕೊಂಡವನಿಂದಲ್ಲ. ಹುಣಿಸೆ ಕುಟ್ಟುವ ಹೊಸ್ತಿಲಿಗೂ ಮಗ್ಗದ ಗುಂಡಿಗೂ ಬಣ್ಣ ಬಳಿಯಬೇಡಿ, ಬದಲಿಗೆ ಆ ಮನೆಗಳಿಗೆ ಇನ್ನೊಂದು ಸೆಂಟು ಕೊಡಿ. ಸಭೆಯಲ್ಲಿ ಮುದುಕರು ಕೇಳಿದ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳಿ. ಇಷ್ಟು ಮಾಡಿ ಬನ್ನಿ, 2047ರ ಮಾತು ಕೂತು ಆಡೋಣ.